ಮಂಚಿಕೆ ಮೇಲೆ ಕಾಲು ಜಾರದಿರಲಿ: ಹೊಲ ಕಾಯುವವರಿಗೆ ಉಪಯುಕ್ತ ಮಾಹಿತಿ

ಅಗಡಿ (ಹಾವೇರಿ): ಗೋವಿನಜೋಳದ ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ರೈತರ ನಿದ್ದೆ ಹೊಲಕ್ಕೆ ಹೋಗುತ್ತದೆ. ರಾತ್ರಿ ಹಂದಿ ಹಿಂಡು ನುಗ್ಗಿದರೆ ಬೆಳಗಾಗುವುದರೊಳಗೆ ಬೆಳೆ ನೆಲಕ್ಕೆ ಬಿದ್ದಿರುತ್ತದೆ. ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯದ ಸುತ್ತಲಿನ ಊರುಗಳಲ್ಲಿ ಚಿಗರಿ ಕಾಟ ಬೇರೆ. ಹೀಗಾಗಿ ಹೊಲದಾಗ ಮಂಚಿಕೆ ಕಟ್ಟಿ ಕಾಯುವುದು ಇಂದಿಗೂ ನಿಂತಿಲ್ಲ.

ಆದರೆ ನಾಲ್ಕು ಗಳ, ಒಂದಿಷ್ಟು ಹಗ್ಗ ಸಿಕ್ಕರೆ ಸಾಕು ಎಂದು ಅವಸರದಲ್ಲಿ ಕಟ್ಟಿದ ಮಂಚಿಕೆಯಿಂದ ಬಿದ್ದರೆ ಬೆಳೆಗಿಂತ ದೊಡ್ಡ ನಷ್ಟ. ಎಂಟು ಅಡಿ ಎತ್ತರದಿಂದ ಬಿದ್ದರೂ ಬೆನ್ನುಹುರಿಗೆ ಪೆಟ್ಟಾಗಬಹುದು. ಸ್ವಲ್ಪ ಖರ್ಚು, ಅರ್ಧ ದಿನದ ಕೆಲಸದಲ್ಲಿ ಇದನ್ನು ತಪ್ಪಿಸಬಹುದು.

ಕಂಬ ಗಟ್ಟಿ ಇರಲಿ

ಎರೆ ಭೂಮಿ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರುಕು ಬಿಡುತ್ತದೆ. ಜೂನ್‌ನಲ್ಲಿ ಗಟ್ಟಿಯಾಗಿ ನಿಂತ ಕಂಬ ಸೆಪ್ಟೆಂಬರ್ ಹೊತ್ತಿಗೆ ಅಲ್ಲಾಡುವುದು ಇದೇ ಕಾರಣಕ್ಕೆ. ಕಂಬವನ್ನು ಎರಡೂವರೆ ಅಡಿ ಆಳಕ್ಕೆ ಹುಗಿದು, ಸುತ್ತ ಕಲ್ಲು ಮತ್ತು ಗರಸು ತುಂಬಿ ದಮ್ಮಸು ಮಾಡಬೇಕು. ಕಂಬದಿಂದ ಕಂಬಕ್ಕೆ ಓರೆಯಾಗಿ ಒಂದೊಂದು ಗಳ ಕಟ್ಟಿದರೆ ಅಲುಗಾಟ ಬಹಳ ಕಡಿಮೆ ಆಗುತ್ತದೆ.

ಮರದ ಮೇಲೆ ಕಟ್ಟುವವರು ಮೊಳೆಯನ್ನೇ ನಂಬಬಾರದು. ಗಾಳಿಗೆ ಮರ ತೂಗಿದಂತೆ ಮೊಳೆ ಸಡಿಲಾಗುತ್ತದೆ. ಗಟ್ಟಿ ಕೊಂಬೆಯ ಮೇಲೆ ಭಾರ ಕೂರಿಸಿ, ದಪ್ಪ ತಂತಿ ಇಲ್ಲವೇ ಬೋಲ್ಟ್ ಹಾಕಬೇಕು. ಬಿಸಿಲಿಗೆ ಬಣ್ಣಗೆಟ್ಟು ಪುಡಿ ಉದುರುವ ನೈಲಾನ್ ಹಗ್ಗ ಮತ್ತೆ ಬಳಸಬಾರದು.

ಕಾಲಿಗೆ ಹಿಡಿತ

ಹಸಿ ಮಂಜಿಗೆ ಬಿದಿರು ಸೋಪಿನಂತೆ ಜಾರುತ್ತದೆ. ಕೆಲವರು ಅದರ ಮೇಲೆ ತಾಡಪತ್ರಿ ಹಾಸುತ್ತಾರೆ, ಅದು ಇನ್ನೂ ಅಪಾಯ. ಗೋಣಿಚೀಲ ಒಣಗಿದಾಗ ಚಲೋ, ನೆನೆದರೆ ಸರಿದು ಮಡಚಿಕೊಳ್ಳುತ್ತದೆ.

* ಗುಜರಿ ಇಲ್ಲವೇ ಪಂಕ್ಚರ್ ಅಂಗಡಿಯಲ್ಲಿ ಸಿಗುವ ಹಳೇ ಟೈರನ್ನು ಪಟ್ಟಿಯಾಗಿ ಕೊಯ್ದು, ಗೆರೆಯಿರುವ ಮೈ ಮೇಲಾಗಿ ಮೊಳೆ ಹೊಡೆಯಬೇಕು. ಮೊಳೆಯ ತಲೆ ರಬ್ಬರಿನೊಳಗೆ ಇಳಿದಿರಲಿ.
* ದನದ ಕೊಟ್ಟಿಗೆಗೆ ಹಾಸುವ ರಬ್ಬರ್ ಮ್ಯಾಟ್ ಇನ್ನೂ ಉತ್ತಮ. ಕಾಲಿಗೆ ಮೆತ್ತಗೂ ಇರುತ್ತದೆ, ನೆಲದ ತಂಪೂ ತಾಗುವುದಿಲ್ಲ.
* ಹಲಗೆಗಳ ನಡುವೆ ಅರ್ಧ ಇಂಚು ಸಂದು ಬಿಟ್ಟರೆ ನೀರು ಇಳಿದುಹೋಗುತ್ತದೆ. ಅದಕ್ಕಿಂತ ಹೆಚ್ಚಾದರೆ ಕಾಲ್ಬೆರಳು ಸಿಕ್ಕಿಕೊಳ್ಳುತ್ತದೆ.
* ಅಂಚಿಗೆ ನಾಲ್ಕು ಇಂಚು ಎತ್ತರದ ಪಟ್ಟಿ ಹೊಡೆದರೆ ಕತ್ತಲಲ್ಲಿ ಅಂಚು ಎಲ್ಲಿದೆ ಎಂದು ಕಾಲಿಗೇ ಗೊತ್ತಾಗುತ್ತದೆ.

ಸುತ್ತಲೂ ಮೂರೂವರೆ ಅಡಿ ಎತ್ತರಕ್ಕೆ ಕಟಾಂಜನ ಬೇಕು, ನಡುವೆ ಇನ್ನೊಂದು ಅಡ್ಡ ಗಳ. ನಿದ್ದೆಗಣ್ಣಲ್ಲಿ ಎದ್ದವರನ್ನು ಉಳಿಸುವುದು ಇದೇ.

ಏಣಿ

ಹತ್ತುವಾಗ, ಇಳಿಯುವಾಗಲೇ ಹೆಚ್ಚು ಎಚ್ಚರ ಬೇಕು. ಎಂಟು ಅಡಿ ಎತ್ತರಕ್ಕೆ ಏಣಿಯ ಬುಡ ಎರಡು ಅಡಿ ಹೊರಗಿರಬೇಕು. ತುದಿ ಮಂಚಿಕೆಗಿಂತ ಮೂರು ಅಡಿ ಮೇಲಿದ್ದರೆ ಕೈಗೆ ಆಸರೆ ಸಿಗುತ್ತದೆ. ಏಣಿಯನ್ನು ಮೇಲೆ ಕಟ್ಟಿರಬೇಕು. ಟಾರ್ಚ್, ನೀರಿನ ಬಾಟಲಿ, ಬುತ್ತಿ ಕೈಯಲ್ಲಿ ಹಿಡಿದು ಹತ್ತುವುದು ಬೇಡ, ಚೀಲಕ್ಕೆ ಹಾಕಿ ಹಗ್ಗದಿಂದ ಎಳೆದುಕೊಳ್ಳಬಹುದು. ಇಳಿಯುವ ಮೊದಲು ಬುಡಕ್ಕೆ ಟಾರ್ಚ್ ಬಿಟ್ಟು ನೋಡಬೇಕು, ಹಾವು ಇರಬಹುದು.

ಕೂರುವ ಅನುಕೂಲ

ರಾತ್ರಿಯೆಲ್ಲ ಚಕ್ಕಳಮಕ್ಕಳ ಹಾಕಿ ಕೂತರೆ ಕಾಲು ಜೋಮು ಹಿಡಿಯುತ್ತದೆ. ಜೋಮು ಹಿಡಿದ ಕಾಲಲ್ಲಿ ಎದ್ದರೆ ಬೀಳುವುದು ಖಂಡಿತ ಎನ್ನಬಹುದು. ಒಂದೂವರೆ ಅಡಿ ಎತ್ತರದ ಹಲಗೆ ಕಟ್ಟಿ ಬೆನ್ನಿಗೆ ಒಂದು ಗಳ ಕೊಟ್ಟರೆ ಸಾಕು. ಹಳೇ ಹೊರಸಿನ ನವಾರು ಬಿಗಿದ ಆಸನ ಹಗುರ, ನೀರೂ ನಿಲ್ಲದು. ಪ್ಲಾಸ್ಟಿಕ್ ಕುರ್ಚಿ ಇಟ್ಟರೆ ಕಾಲು ಜಾರುತ್ತದೆ, ಇಡಲೇಬೇಕೆಂದರೆ ಕಟ್ಟಿ ಇಡಬೇಕು. ತಾಡಪತ್ರಿಯನ್ನು ಮೇಲೆ ಇಳಿಜಾರಾಗಿ ಕಟ್ಟಬೇಕು. ಚಳಿಗೆ ಕಂಬಳಿ ಇದ್ದೇ ಇದೆ, ಮಂಚಿಕೆ ಮೇಲೆ ಬೆಂಕಿ ಮಾತ್ರ ಬೇಡ. ಕುಡಿದು ಹತ್ತುವುದಂತೂ ಬೇಡವೇ ಬೇಡ.

ಗುಡುಗು ಕೇಳಿದರೆ ಕಾಯುವ ಕೆಲಸ ಬಿಟ್ಟು ತಕ್ಷಣ ಇಳಿದು ಮನೆಗೆ ಹೋಗಬೇಕು. ಬಯಲಿನ ಎತ್ತರದ ಮಂಚಿಕೆ, ಒಂಟಿ ಮರ ಎರಡಕ್ಕೂ ಸಿಡಿಲಿನ ಭಯ.

ಕಾಯುವುದಕ್ಕೆ ಮಾತ್ರ

ಮಂಚಿಕೆ ಇರುವುದು ಓಡಿಸುವುದಕ್ಕೆ, ಕೊಲ್ಲುವುದಕ್ಕಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಬೇಟೆ ಅಪರಾಧ. ಉರುಳು, ವಿಷ ಹಾಕುವುದೂ ಬೇಟೆಯೇ. ಬೇಲಿಗೆ ನೇರವಾಗಿ ಕರೆಂಟ್ ಕೊಡುವುದು ಕಾನೂನುಬಾಹಿರ, ಪಕ್ಕದ ಹೊಲದವರ ಜೀವಕ್ಕೂ ಕುತ್ತು. ತಗಡು ಬಡಿಯುವುದು, ಕೂಗು, ಟಾರ್ಚ್ ಬೆಳಕು ಸಾಕು. ಬೆಳೆ ಹಾಳಾದರೆ ಫೋಟೊ ತೆಗೆದು, ಪಹಣಿ ಜೊತೆ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಪರಿಹಾರಕ್ಕೆ ಅರ್ಜಿ ಹಾಕಬಹುದು.

ಬಿದ್ದರೆ ಏನು ಮಾಡಬೇಕು?

ಬಿದ್ದವರನ್ನು ಕೈಕಾಲು ಹಿಡಿದು ಎತ್ತಬಾರದು, ಬೈಕ್ ಮೇಲೆ ಕೂರಿಸಬಾರದು. ಕತ್ತು, ಬೆನ್ನು ಅಲುಗಾಡದಂತೆ ಮಲಗಿಸಿಯೇ 108ಕ್ಕೆ ಕರೆ ಮಾಡಬೇಕು. ಒಬ್ಬರೇ ಕಾಯಲು ಹೋಗುವವರು ಮೊಬೈಲನ್ನು ಪಕ್ಕದಲ್ಲಿಡದೆ ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ಮನೆಯಲ್ಲಿ ಹೇಳಿ ಹೋಗಬೇಕು.

ಪ್ರತಿ ಹಂಗಾಮಿಗೆ ಮೊದಲು ಹಗಲಲ್ಲೇ ಒಮ್ಮೆ ಕಂಬಕ್ಕೆ ಗೆದ್ದಲು ಹತ್ತಿದೆಯೇ, ಕಟ್ಟು ಸಡಿಲಾಗಿದೆಯೇ ನೋಡುವುದು ಒಳ್ಳೆಯದು. ಹೋದ ವರ್ಷದ ಮಂಚಿಕೆ ಈ ವರ್ಷವೂ ಭಾರ ತಾಳುತ್ತದೆ ಎಂದು ನೋಡದೆ ಹತ್ತಬಾರದು.