ಮದುವೆ ಕ್ಯಾಸೆಟ್ಟು ಸಿ.ಡಿ. ಆದ ಮೇಲೆ

ಮಾನಸಗಂಗೋತ್ರಿಯನ್ನು ದಾಟಿ ಗದ್ದಿಗೆಯತ್ತ ಸಾಗುವ ರಸ್ತೆಯಲ್ಲಿ ಬೋಗಾದಿ ಸಿಗುತ್ತದೆ. ಒಂದು ಕಾಲಕ್ಕೆ ಹೊಲಗದ್ದೆಗಳ ಊರು. ಮೈಸೂರು ಪಶ್ಚಿಮಕ್ಕೆ ಬೆಳೆದಂತೆಲ್ಲ ಬಡಾವಣೆಗಳ ಊರಾಯಿತು. ಇಂಥ ಬಡಾವಣೆಯ ಮನೆಗಳಲ್ಲಿ ಬೀರುವಿನ ಕೆಳಗಿನ ಅರೆಯನ್ನು ತೆರೆದರೆ ಯಂತ್ರಯುಗದ ಮೂರು ತಲೆಮಾರುಗಳು ಒಟ್ಟಿಗೇ ಕಾಣಸಿಗುವುದುಂಟು: ಒಂದು ಕಪ್ಪು ವಿ.ಎಚ್.ಎಸ್. ಕ್ಯಾಸೆಟ್ಟು, ಅದರಿಂದ ‘ಹಾಕಿಸಿದ’ ಎರಡು ಮೂರು ವಿ.ಸಿ.ಡಿ., ಆ ವಿ.ಸಿ.ಡಿ.ಗಳನ್ನೆಲ್ಲ ಒಂದರಲ್ಲೇ ಸೇರಿಸಿದ ಒಂದು ಡಿ.ವಿ.ಡಿ. ಮೂರರಲ್ಲಿಯೂ ಇರುವ ಮದುವೆ ಒಂದೇ. ಆದರೆ ಒಂದರಿಂದ ಇನ್ನೊಂದಕ್ಕೆ ದಾಟುವಾಗ ಆ ಮದುವೆಯ ಏನೇನು ದಾರಿಯಲ್ಲಿ ಉದುರಿಹೋಯಿತು ಎಂಬುದನ್ನು ಮನೆಯವರಿಗೆ ಯಾರೂ ಹೇಳಿರುವುದಿಲ್ಲ.

ಜಪಾನಿನ ಜೆ.ವಿ.ಸಿ. ಕಂಪನಿ ವಿ.ಎಚ್.ಎಸ್. ಅನ್ನು ಮಾರುಕಟ್ಟೆಗೆ ತಂದದ್ದು 1976ರಲ್ಲಿ. ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ಮರುವರ್ಷ ದೆಹಲಿಯ ಏಷ್ಯನ್ ಕ್ರೀಡಾಕೂಟದ ನೆಪದಲ್ಲಿ ಟಿ.ವಿ.ಗೆ ಬಣ್ಣ ಬಂತು. ಅದರ ಬೆನ್ನಿಗೇ ವಿ.ಸಿ.ಆರ್.ಗಳೂ ಬಂದವು. ಛತ್ರಗಳಿಗೆ ವಿಡಿಯೋದವರು ಕಾಲಿಟ್ಟದ್ದು ಆ ದಶಕದಲ್ಲಿಯೇ. ಧಾರೆಯ ಹೊತ್ತಿಗೆ ನೆಂಟರಿಷ್ಟರು ವಧೂವರರ ಮುಖದ ಬದಲು ವಿಡಿಯೋದವನ ಬೆನ್ನನ್ನು ನೋಡುವ ಪದ್ಧತಿಗೂ ಅಷ್ಟೇ ವಯಸ್ಸಾಗಿದೆ.

ವಿ.ಸಿ.ಡಿ.ಯ ನಿಯಮಗಳು ಗೊತ್ತಾದದ್ದು 1993ರಲ್ಲಿ. ಹಾಡಿನ ಸಿ.ಡಿ. ತಿರುಗುವ ವೇಗದಲ್ಲಿಯೇ ತಿರುಗಿ, ಸುಮಾರು 74 ನಿಮಿಷ ಚಿತ್ರ ತೋರಿಸಬಲ್ಲ ಸಿ.ಡಿ. ಇದು. ಅಗ್ಗದ ಪ್ಲೇಯರುಗಳು ಮನೆಮನೆಗೆ ಬಂದ ಮೇಲೆ ಕ್ಯಾಸೆಟ್ಟುಗಳೆಲ್ಲ ಅಂಗಡಿಗೆ ಹೋಗಿ ಸಿ.ಡಿ. ಆಗತೊಡಗಿದವು. ವಿ.ಎಚ್.ಎಸ್. ಅಂಥ ಸೂಕ್ಷ್ಮವಾದ ಚಿತ್ರವೇನಲ್ಲ, ನಿಜ. ಅಡ್ಡಗಲದಲ್ಲಿ ವಿ.ಸಿ.ಡಿ.ಯ 352 ಚುಕ್ಕಿಗಳು ಅದಕ್ಕೆ ಹೆಚ್ಚುಕಡಿಮೆ ಸಾಕು. ನಷ್ಟವಾದದ್ದು ಬೇರೆ ಕಡೆ. ನಮ್ಮ ದೇಶದ ಟಿ.ವಿ. ಪದ್ಧತಿಯಾದ ಪಾಲ್‌ನಲ್ಲಿ ಚಿತ್ರದ 576 ಗೆರೆಗಳು ಒಂದು ಬಿಟ್ಟು ಒಂದರಂತೆ ಎರಡು ಸರದಿಯಲ್ಲಿ ಬರುತ್ತವೆ. ಸೆಕೆಂಡಿಗೆ 50 ಅರೆಚಿತ್ರಗಳು. ವಿ.ಸಿ.ಡಿ.ಯಲ್ಲಿ ಇರುವುದು 288 ಗೆರೆ, ಸೆಕೆಂಡಿಗೆ 25 ಚಿತ್ರ. ಕೈ ಬೀಸಿದ್ದು, ತಲೆ ತಿರುಗಿಸಿದ್ದು ಟೇಪಿನಲ್ಲಿ ನಯವಾಗಿ ಕಂಡರೆ ಸಿ.ಡಿ.ಯಲ್ಲಿ ಸ್ವಲ್ಪ ಕುಪ್ಪಳಿಸಿದಂತೆ ಕಾಣುವುದು ಇದರಿಂದಲೇ.

ಇದಲ್ಲದೆ ಅಡಕಗೊಳಿಸುವ ಲೆಕ್ಕವೊಂದಿದೆ. ಪ್ರತಿ ಚಿತ್ರವನ್ನೂ ಪೂರ್ತಿಯಾಗಿ ಬರೆದಿಡಲು ಸಿ.ಡಿ.ಯಲ್ಲಿ ಜಾಗವಿಲ್ಲ. ಆದ್ದರಿಂದ ಒಂದು ಚಿತ್ರವನ್ನು ಪೂರ್ಣವಾಗಿ ಇಟ್ಟುಕೊಂಡು, ಮುಂದಿನವುಗಳಲ್ಲಿ ಬದಲಾದ ಭಾಗವನ್ನು ಮಾತ್ರ ಗುರುತು ಹಾಕಿಕೊಳ್ಳುವುದು ಉಪಾಯ. ಸೆಕೆಂಡಿಗೆ ಚಿತ್ರಕ್ಕೆಂದು ದೊರೆಯುವುದು ಸುಮಾರು ಹನ್ನೊಂದೂವರೆ ಲಕ್ಷ ಬಿಟ್. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಹಿರಿಯರು ಸಾಲಾಗಿ ಕುಳಿತು ಊಟಮಾಡುವಾಗ ಇಷ್ಟು ಧಾರಾಳವಾಯಿತು. ಆದರೆ ಗಟ್ಟಿಮೇಳ ಮೊಳಗಿ, ನಾಲ್ಕೂ ಕಡೆಯಿಂದ ಅಕ್ಷತೆ ಬಿದ್ದಾಗ ಚಿತ್ರದ ಮೂಲೆಮೂಲೆಯೂ ಒಮ್ಮೆಗೇ ಬದಲಾಗುತ್ತದೆ. ಅಷ್ಟನ್ನು ಬರೆದುಕೊಳ್ಳಲಾಗದೆ ಯಂತ್ರ ಚಿತ್ರವನ್ನು ಚೌಕಚೌಕವಾಗಿ ಒಡೆದುಬಿಡುತ್ತದೆ. ಮದುವೆಯ ಸಿ.ಡಿ.ಯಲ್ಲಿ ಅತ್ಯಂತ ಕೆಟ್ಟದಾಗಿ ಕಾಣುವುದು ಮುಹೂರ್ತದ ಆ ಅರೆ ನಿಮಿಷವೇ! ಸಾಲದ್ದಕ್ಕೆ, ಹೆಚ್ಚು ಜಾಗ ಸಿಗಲೆಂದು ತಪ್ಪು ತಿದ್ದುವ ಸಂಕೇತಗಳನ್ನೂ ಇಲ್ಲಿ ಕಡಿಮೆ ಮಾಡಲಾಗಿದೆ. ಕಂಪ್ಯೂಟರ್ ಕಡತಗಳ ಸಿ.ಡಿ.ಯ ಒಂದು ತುಣುಕಿನಲ್ಲಿ 2,048 ಬೈಟ್ ಮಾಹಿತಿ ಇದ್ದರೆ ವಿ.ಸಿ.ಡಿ.ಯ ತುಣುಕಿನಲ್ಲಿ 2,324. ಅದಕ್ಕೇ ಒಂದು ಗೀರು ಬಿದ್ದರೂ ಚಿತ್ರ ತೊದಲುತ್ತದೆ.

1996ರಲ್ಲಿ ಜಪಾನಿನಲ್ಲಿ ಡಿ.ವಿ.ಡಿ. ಬಂತು, ನಮ್ಮಲ್ಲಿ ಸಾಮಾನ್ಯವಾಗಲು ಇನ್ನಷ್ಟು ವರ್ಷ ಹಿಡಿಯಿತು. ಇದರಲ್ಲಿ 720 ಚುಕ್ಕಿ, 576 ಗೆರೆ, 4.7 ಗಿಗಾಬೈಟ್ ಜಾಗ. ವಿ.ಸಿ.ಡಿ.ಯನ್ನು ಡಿ.ವಿ.ಡಿ. ಮಾಡಿಸಿದರೆ ಚಿತ್ರ ಚೆನ್ನಾಗಿ ಬರುತ್ತದೆಂಬ ನಂಬಿಕೆ ಆಗ ಹುಟ್ಟಿಕೊಂಡಿತು. ಸೇರಿನ ಹಾಲನ್ನು ಕೊಳಗಕ್ಕೆ ಸುರಿದರೆ ಕೊಳಗದಷ್ಟಾಗುತ್ತದೆಯೇ? ಇಲ್ಲೊಂದು ಸ್ವಾರಸ್ಯವಿದೆ. ಡಿ.ವಿ.ಡಿ.ಯ ನಿಯಮಗಳು ವಿ.ಸಿ.ಡಿ.ಯ ಚಿತ್ರವನ್ನು ಇದ್ದಂತೆಯೇ ಒಪ್ಪಿಕೊಳ್ಳುತ್ತವೆ. ಬದಲಿಸಬೇಕಾದದ್ದು ಧ್ವನಿಯನ್ನು ಮಾತ್ರ, ಸೆಕೆಂಡಿಗೆ 44,100 ಮಾದರಿಗಳಿಂದ 48,000ಕ್ಕೆ. ಹಾಗೆ ಮಾಡಿದ್ದರೆ ಚಿತ್ರಕ್ಕೆ ಹೊಸ ಗಾಯವಾಗುತ್ತಿರಲಿಲ್ಲ. ಎಷ್ಟೋ ಕಡೆ ಆದದ್ದು ಬೇರೆ: ಚಿತ್ರವನ್ನು ಹಿಗ್ಗಿಸಿ, ಮತ್ತೊಮ್ಮೆ ಅಡಕಗೊಳಿಸಿ, ಮೊದಲ ಚೌಕಗಳ ಮೇಲೆ ಇನ್ನೊಂದು ಪದರ ಚೌಕಗಳನ್ನು ಕೂರಿಸಲಾಯಿತು.

ಮಕ್ಕಳು ಅಮೆರಿಕದಲ್ಲಿರುವ ಮನೆಗಳಲ್ಲಿ ಇನ್ನೊಂದು ತೊಡಕಿತ್ತು. ಅಲ್ಲಿನ ಎನ್.ಟಿ.ಎಸ್.ಸಿ. ಪದ್ಧತಿಯಲ್ಲಿ ಸೆಕೆಂಡಿಗೆ ಸುಮಾರು 60 ಅರೆಚಿತ್ರ. ಮೊಮ್ಮಗನ ನಾಮಕರಣದ ಕ್ಯಾಸೆಟ್ಟು ಬಂದರೂ ಪಾಲ್ ಮಾತ್ರ ಬಲ್ಲ ಇಲ್ಲಿಯ ವಿ.ಸಿ.ಆರ್.ನಲ್ಲಿ ಅದು ಸರಿಯಾಗಿ ಓಡುತ್ತಿರಲಿಲ್ಲ. 60ನ್ನು 50ಕ್ಕೆ ಇಳಿಸಿದಲ್ಲಿ ಚಲನೆ ಮುಗ್ಗರಿಸುತ್ತಿತ್ತು.

ಹಳೆಯದನ್ನು ಹೊಸದಕ್ಕೆ ದಾಟಿಸುವ ಕೆಲಸ ಮೈಸೂರಿಗೆ ಹೊಸದಲ್ಲ. 1891ರಲ್ಲಿ ಸ್ಥಾಪನೆಯಾದ ಓರಿಯೆಂಟಲ್ ಲೈಬ್ರರಿಗೆ ತಾಳೆಗರಿಯ ರೂಪದಲ್ಲಿ ಬಂದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದರು. ಅಚ್ಚಾಯಿತೆಂದು ಗರಿಗಳನ್ನು ಯಾರೂ ಒಲೆಗೆ ಹಾಕಲಿಲ್ಲ. ಪಾಠದಲ್ಲಿ ಸಂಶಯ ಬಂದರೆ ವಿದ್ವಾಂಸರು ಗರಿಯನ್ನೇ ನೋಡಬಹುದು. ಮದುವೆಯ ಕ್ಯಾಸೆಟ್ಟಿಗೆ ಈ ಮರ್ಯಾದೆ ಸಿಗಲಿಲ್ಲ. ಸಿ.ಡಿ. ಕೈಗೆ ಬಂದ ದಿನ ಎಷ್ಟೋ ಕ್ಯಾಸೆಟ್ಟುಗಳು ಗುಜರಿಗೆ ಹೋದವು. ಹೋಗದೆ ಉಳಿದವಕ್ಕೂ ಕಾಲ ಕೂಡಿಬಂದಿಲ್ಲ: ವಿ.ಸಿ.ಆರ್. ತಯಾರಿಸುತ್ತಿದ್ದ ಕೊನೆಯ ಕಂಪನಿಯೆನಿಸಿದ ಜಪಾನಿನ ಫುನಾಯ್ 2016ರ ಜುಲೈನಲ್ಲಿ ಅದನ್ನು ನಿಲ್ಲಿಸಿತು. ಟೇಪಿಗೆ ಬೂಷ್ಟು ಹಿಡಿಯುತ್ತದೆ. ಮನೆಯಲ್ಲಿ ಬರೆಸಿದ ಸಿ.ಡಿ.ಯ ಬಣ್ಣದ ಪದರ ಬಿಸಿಲಿಗೆ ಕೆಡುತ್ತದೆ.

ಹೀಗಾಗಿ, ಕ್ಯಾಸೆಟ್ಟು ಇದ್ದವರು ಸಿ.ಡಿ.ಯನ್ನು ಬಿಟ್ಟು ಕ್ಯಾಸೆಟ್ಟಿನಿಂದಲೇ ಮತ್ತೆ ಆರಂಭಿಸುವುದು ಲೇಸು. ಅರ್ಧಕ್ಕೆ ಅರ್ಧ ಚಲನೆ ಇನ್ನೂ ಅದರಲ್ಲಿದೆ. ಇಲ್ಲದವರು ವಿ.ಸಿ.ಡಿ.ಯೊಳಗಿನ ಡಾಟ್ ಎಂಬ ಕಡತವನ್ನು ಮರು ಅಡಕ ಮಾಡಿಸದೆ ಇದ್ದಂತೆಯೇ ಕಂಪ್ಯೂಟರಿಗೆ ನಕಲಿಸಿಕೊಳ್ಳಬಹುದು. 2000ದ ನಂತರ ಬಂದ, ಅಂಗೈಯಗಲದ ಡಿ.ವಿ.ಡಿ.ಗೆ ನೇರವಾಗಿ ಚಿತ್ರ ತೆಗೆಯುವ ಕ್ಯಾಮೆರಾ ಇದ್ದವರು ಮಾತ್ರ ಅದನ್ನು ಮಾರುವ ಮುನ್ನ ಡಿಸ್ಕುಗಳನ್ನೊಮ್ಮೆ ನೋಡಬೇಕು. ಚಿತ್ರೀಕರಣವಾದ ಮೇಲೆ ‘ಫೈನಲೈಸ್’ ಎಂಬ ಗುಂಡಿ ಒತ್ತದೆ ಹಾಗೇ ಎತ್ತಿಟ್ಟಿದ್ದರೆ ಅಂಥ ಡಿಸ್ಕು ಬೇರೆ ಪ್ಲೇಯರಿನಲ್ಲಿ ಖಾಲಿಯೆಂದೇ ತೋರುವುದುಂಟು. ಅದನ್ನು ತೆರೆಯಬಲ್ಲ ಯಂತ್ರ ಬಹುಶಃ ಆ ಹಳೆಯ ಕ್ಯಾಮೆರಾ ಒಂದೇ.