ಅಮೃತಮಹಲ್: ತೋಪಿನ ಎತ್ತುಗಳು ಮತ್ತು ಅವುಗಳ ಕಾವಲು

ಅಮೃತಮಹಲ್ ಹಳೆಯ ಮೈಸೂರಿನ ಅರಮನೆ ಹಿಂಡುಗಳಿಂದ ಬೆಳೆದುಬಂದ ದನದ ತಳಿ. ವಿಜಯನಗರದ ಕಾಲದಲ್ಲಿ ಶ್ರೀರಂಗಪಟ್ಟಣದ ರಾಜಪ್ರತಿನಿಧಿಗಳು ಸಾಕಿದ್ದ ಹಸುಗಳು ಮುಂದೆ ಮೈಸೂರು ಒಡೆಯರ ಕೈಸೇರಿದವು. 1672ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಈ ಹಿಂಡುಗಳಿಗೆ ರಾಜ್ಯದ ನಾನಾ ಕಡೆ ಹುಲ್ಲುಗಾವಲುಗಳನ್ನು ಗೊತ್ತುಮಾಡಿದರು. ಅರಮನೆಗೆ ಹಾಲು, ಬೆಣ್ಣೆ ಒದಗಿಸುವ ಹೊಣೆ ಹೊತ್ತ ಈ ಹಿಂಡುಗಳ ಇಲಾಖೆಯನ್ನು ಬೆಣ್ಣೆ ಚಾವಡಿ ಎನ್ನುತ್ತಿದ್ದರು.

ಹೈದರ್ ಅಲಿಯ ಕಾಲಕ್ಕೆ ಬೆಣ್ಣೆಗಿಂತ ಎತ್ತು ಮುಖ್ಯವಾಯಿತು. ಪಾಳೆಯಗಾರರಿಂದ ವಶಪಡಿಸಿಕೊಂಡ ದನಗಳೂ ಹಿಂಡಿಗೆ ಸೇರಿದವು. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗದ ರಾಸುಗಳೇ ತಳಿಯ ಮೂಲ. ತೋಪಿನ ಗಾಡಿ, ಮದ್ದುಗುಂಡು, ದವಸಧಾನ್ಯ ಎಲ್ಲವೂ ಎತ್ತುಗಳ ಹೆಗಲ ಮೇಲೆಯೇ ಸಾಗುತ್ತಿದ್ದವು. ಹೈದರನ ಸೈನ್ಯ ಚಿದಂಬರದ ರಕ್ಷಣೆಗೆ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದದ್ದು ಈ ಎತ್ತುಗಳ ಬಲದಿಂದ ಎಂದು ಮೈಸೂರು ಗೆಜೆಟಿಯರ್ ಹೇಳುತ್ತದೆ. ಟಿಪ್ಪು ಸುಲ್ತಾನ್ ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟು, ಅದರ ಆಡಳಿತಕ್ಕೆ ಹುಕುಂನಾಮೆ (ಆಜ್ಞಾಪತ್ರ) ಹೊರಡಿಸಿದ.

ಇಡೀ ವ್ಯವಸ್ಥೆ ನಿಂತಿದ್ದುದು ಕಾವಲು ಎಂದು ಕರೆಯುವ ಈ ಹುಲ್ಲುಗಾವಲುಗಳ ಮೇಲೆ. ಇವನ್ನು ಬೇಸಿಗೆ, ಮಳೆಗಾಲ, ಚಳಿಗಾಲದ ಕಾವಲುಗಳೆಂದು ವಿಂಗಡಿಸಿದ್ದರು. ಕೆರೆಯಂಗಳ, ಮರದ ನೆರಳು ಇರುವ ಕಾವಲು ಬೇಸಿಗೆಗೆ ಮೀಸಲು. ಮಳೆ ಬಿದ್ದು ಹುಲ್ಲು ಚಿಗುರಿದಾಗ ಹಿಂಡು ಬಯಲಿನ ಕಾವಲಿಗೆ ಹೋಗುತ್ತಿತ್ತು. ಕೊಟ್ಟಿಗೆಯಿಲ್ಲದೆ ವರ್ಷವಿಡೀ ಬಯಲಲ್ಲೇ ಮೇಯ್ದದ್ದರಿಂದ ದನಗಳು ಗಟ್ಟಿಮುಟ್ಟಾದವು, ಹಾಗೆಯೇ ಕಾಡುಸ್ವಭಾವವನ್ನೂ ಉಳಿಸಿಕೊಂಡವು. ಬೂದು ಮೈ, ನೀಳ ಮುಖ, ಹಿಂದಕ್ಕೆ ಚಾಚಿ ತುದಿಯಲ್ಲಿ ಮೊನಚಾಗುವ ಉದ್ದ ಕೊಂಬು ಇವುಗಳ ಗುರುತು. ಹಸುಗಳಿಗೆ ಹಾಲು ಕಡಿಮೆ. ಅದು ಕರುವಿಗೇ ಸರಿಹೋಗುತ್ತಿತ್ತು.

ಇಂಥ ದನವನ್ನು ನೊಗಕ್ಕೆ ತರುವುದು ಸುಲಭವಿರಲಿಲ್ಲ. ಬೀಜ ಒಡೆದ ಎಳೆಯ ಎತ್ತುಗಳನ್ನು ಹಿಂಡಿನಿಂದ ಬೇರ್ಪಡಿಸಿ ದೊಡ್ಡಿಗೆ ಅಟ್ಟುತ್ತಿದ್ದರು. ಕೊಂಬಿಗೆ ಹಗ್ಗದ ಕುಣಿಕೆ ಎಸೆದು, ಎಳೆದು, ಗಟ್ಟಿ ಕಂಬಕ್ಕೆ ಬಿಗಿಯುತ್ತಿದ್ದರು. ಮನುಷ್ಯರ ಒಡನಾಟಕ್ಕೆ ಒಗ್ಗಿದ ಮೇಲೆ ಪಳಗಿದ ಎತ್ತಿನ ಜೊತೆ ಕಟ್ಟಿ ನಡೆಸುತ್ತಿದ್ದರು. ನೊಗ, ಭಾರ ಬರುತ್ತಿದ್ದುದು ಆಮೇಲೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಹಿಂಡುಗಳು ಮೈಸೂರು ಸರ್ಕಾರಕ್ಕೆ ಬಂದವು. ಆರೈಕೆಯಿಲ್ಲದೆ ತಳಿ ಸೊರಗಿದಾಗ, 1813ರಲ್ಲಿ ಬ್ರಿಟಿಷ್ ಸೇನೆ ಅವುಗಳ ಉಸ್ತುವಾರಿ ವಹಿಸಿಕೊಂಡಿತು. 1860ರಲ್ಲಿ ಖರ್ಚು ಉಳಿಸುವ ನೆಪದಲ್ಲಿ ಇಲಾಖೆಯನ್ನೇ ಮುಚ್ಚಿ ದನಗಳನ್ನು ಮಾರಿದರು. ಸೇನೆಗೆ ಒಳ್ಳೆಯ ಎತ್ತು ಸಿಗದಂತಾದಾಗ ತಪ್ಪು ಗೊತ್ತಾಗಿ, 1866ರಲ್ಲಿ ಅಳಿದುಳಿದ ರಾಸುಗಳನ್ನು ಕೂಡಿಸಿ ಹಿಂಡನ್ನು ಮತ್ತೆ ಕಟ್ಟಿದರು. 1882ರಲ್ಲಿ ಅದು ಮೈಸೂರು ಸಂಸ್ಥಾನಕ್ಕೆ ಮರಳಿತು. 1923ರಲ್ಲಿ ಸಂಸ್ಥಾನದ ಸೇನೆಯಿಂದ ಕೃಷಿ ಇಲಾಖೆಗೆ ವರ್ಗವಾಯಿತು.

ತೋಪು ಎಳೆಯುವ ಕೆಲಸವನ್ನು ಮೋಟಾರು ವಾಹನಗಳೂ ಉಳುವ ಕೆಲಸವನ್ನು ಟ್ರಾಕ್ಟರೂ ಕಸಿದುಕೊಂಡ ಮೇಲೆ ತಳಿಯ ಬೇಡಿಕೆ ಕುಗ್ಗಿತು. ಕಾವಲುಗಳೂ ಸಾಗುವಳಿ, ಒತ್ತುವರಿಗೆ ಸಿಕ್ಕಿ ಕರಗಿದವು. ಚಳ್ಳಕೆರೆಯ ಕಾವಲು ಭೂಮಿ ಈ ಶತಮಾನದಲ್ಲಿ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಕಡೂರು ತಾಲ್ಲೂಕಿನ ಬಾಸೂರು ಕಾವಲು ಕೃಷ್ಣಮೃಗಗಳ ಸಂರಕ್ಷಿತ ಪ್ರದೇಶವಾಗಿ ಉಳಿದಿದೆ. ಈಗ ಸರ್ಕಾರದ ಹಿಂಡುಗಳನ್ನು ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರ ನೋಡಿಕೊಳ್ಳುತ್ತಿದ್ದು, ಬೀರೂರಿನಲ್ಲಿ ಹೋರಿಕರುಗಳ ಹರಾಜು ನಡೆಯುತ್ತದೆ. ಬಯಲಲ್ಲಿ ಮೇಯ್ದೇ ರೂಪುಗೊಂಡ ಈ ತಳಿ ಉಳಿಯಬೇಕಾದರೆ ಕಾವಲುಗಳೂ ಉಳಿಯಬೇಕು.