ಬಲಿ, ಎಡೆ, ಪಂಕ್ತಿ: ಬೈಬಲ್ ಓದು ನಡೆದು ಬಂದ ದಾರಿ

ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಸೀಮೆಯಲ್ಲಿ ಯಾರು ಏನು ಉಣ್ಣುತ್ತಾರೆ ಎಂಬುದು ಬರೀ ಅಡುಗೆಮನೆಯ ಮಾತಲ್ಲ. ಜೈನರ, ಲಿಂಗಾಯತರ ಒಲೆಗೆ ಮಾಂಸ ಸಲ್ಲದು. ಅದೇ ಸೀಮೆಯ ಚಿಂಚಲಿ ಮಾಯಕ್ಕನ ಜಾತ್ರೆಗೆ ಹರಕೆ ಹೊತ್ತವರು ಮಹಾರಾಷ್ಟ್ರದಿಂದಲೂ ಬರುತ್ತಾರೆ. ಹರಕೆಯ ಹೆಸರಿನ ಪ್ರಾಣಿಬಲಿಯನ್ನು ತಡೆಯುವ ಕಾಯ್ದೆ ರಾಜ್ಯದಲ್ಲಿ 1959ರಿಂದಲೇ ಇದೆ. ಇಂಥ ನೆಲದಲ್ಲಿ ಬೈಬಲ್ ತೆರೆದವರಿಗೆ ಒಂದು ಪ್ರಶ್ನೆ ತಪ್ಪದು: ಈ ದೇವರಿಗೆ ಬಲಿ ಬೇಕೋ ಬೇಡವೋ?

ಗ್ರಂಥದಲ್ಲಿ ಎರಡಕ್ಕೂ ಆಧಾರವಿದೆ. ಆದಿಕಾಂಡದ ಮೊದಲ ಅಧ್ಯಾಯ ಮನುಷ್ಯನಿಗೆ ಕಾಳು, ಹಣ್ಣುಗಳನ್ನಷ್ಟೇ ಕೊಡುತ್ತದೆ. ಜಲಪ್ರಳಯ ಕಳೆದ ಮೇಲೆ, ಒಂಬತ್ತನೆಯದರಲ್ಲಿ, ರಕ್ತ ಬಿಟ್ಟು ಮಾಂಸಕ್ಕೂ ಅಪ್ಪಣೆಯಾಗುತ್ತದೆ. ಯಾಜಕಕಾಂಡ ಬಲಿಯ ವಿಧಿಗಳನ್ನು ಎಳೆಎಳೆಯಾಗಿ ಹೇಳಿದರೆ, ಪ್ರವಾದಿ ಯೆರೆಮೀಯನ ಏಳನೆಯ ಅಧ್ಯಾಯದಲ್ಲಿ ದೇವರು, ಐಗುಪ್ತದಿಂದ ನಿಮ್ಮನ್ನು ಕರೆತಂದಾಗ ನಾನು ಯಜ್ಞದ ಮಾತನ್ನೇ ಎತ್ತಲಿಲ್ಲ ಎನ್ನುತ್ತಾನೆ.

ಹಳೆಯ ಓದುಗರು ಈ ಗಂಟನ್ನು ಬೇಗ ಬಿಡಿಸಲು ನೋಡಿದರು. 144ರ ಸುಮಾರಿಗೆ ರೋಮಿನ ಸಭೆಯಿಂದ ಹೊರಬಿದ್ದ ಮಾರ್ಸಿಯನ್ ಹಳೆಯ ಒಡಂಬಡಿಕೆಯನ್ನೇ ತಳ್ಳಿಹಾಕಿದ. ಒರಿಗೆನ್ ಅದರಲ್ಲಿ ಒಳಾರ್ಥ ಹುಡುಕಿದ. ಅಗಸ್ಟೀನನು, ಹಳೆಯ ಒಡಂಬಡಿಕೆಯನ್ನು ಹಳಿದ ಫಾಸ್ಟಸ್‌ನಿಗೆ ಕೊಟ್ಟ ಉತ್ತರದಲ್ಲಿ ಇತಿಹಾಸದತ್ತ ತಿರುಗಿದ: ರಕ್ತ ತಿನ್ನಬಾರದೆಂಬ ಯೆರೂಸಲೇಮಿನ ಸಭೆಯ ಕಟ್ಟಳೆ ಯೆಹೂದ್ಯರನ್ನೂ ಇತರರನ್ನೂ ಒಂದುಗೂಡಿಸಲು ಆ ಕಾಲಕ್ಕೆ ಬೇಕಾಗಿತ್ತು, ಈಗ ಅದರ ಹೊತ್ತು ಮುಗಿದಿದೆ. ಮೂವರಲ್ಲಿ ಜನರ ಬದುಕಿಗೆ ಹತ್ತಿರವಿದ್ದುದು ಅಗಸ್ಟೀನನ ಮಾತೇ.

ಕನ್ನಡದಲ್ಲಿ ಈ ವಿಚಾರಕ್ಕೆ ಬೇರೆಯೇ ಹಿನ್ನೆಲೆ ಒದಗಿತು. 1872ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಕಿಟೆಲ್ ಅವರ ‘ಯಜ್ಞಸುಧಾನಿಧಿ’ ಹೊರಬಂತು. ನಿಘಂಟಿನ ಕಿಟೆಲ್ ಎಂದಷ್ಟೇ ಅವರನ್ನು ನೆನೆಯುವ ನಾವು, ವೇದದ ಯಜ್ಞವನ್ನು ಎದುರಿಗಿಟ್ಟುಕೊಂಡು ಬಲಿಯ ಅರ್ಥ ವಿಚಾರಿಸಿದ ಈ ಕಿರುಹೊತ್ತಗೆಯನ್ನು ಮರೆತಿರುವುದು ನನಗೆ ನೋವಿನ ಸಂಗತಿ.

ಆರು ವರ್ಷಗಳ ಬಳಿಕ ಜರ್ಮನಿಯಲ್ಲಿ ಬೈಬಲ್ ವಿದ್ವಾಂಸ ವೆಲ್‌ಹೌಸನ್, ಯಾಜಕರ ವಿಧಿಗಳು ಬಾಬೆಲಿನ ಸೆರೆವಾಸದ ನಂತರ ಸೇರಿದವು ಎಂದು ವಾದಿಸಿದ; ಯೆರೆಮೀಯನ ಮಾತಿಗೆ ಹೊಸ ಬೆಳಕು ಬಿತ್ತು. ಆದರೆ ಆಚರಣೆಯೆಂದರೆ ಅವನತಿ ಎಂಬ ಅವನ ಒಲವು ಒಪ್ಪತಕ್ಕದ್ದಲ್ಲ. ಅದನ್ನು ತಿದ್ದಿದವರಲ್ಲಿ ಮಾನವಶಾಸ್ತ್ರಜ್ಞೆ ಮೇರಿ ಡಗ್ಲಸ್ (1966) ಮುಖ್ಯರು. ಶುದ್ಧ-ಅಶುದ್ಧ ಪ್ರಾಣಿಗಳ ಪಟ್ಟಿಯಲ್ಲಿ ಅವರು ಒಂದು ಲೋಕಕ್ರಮವನ್ನು ಕಂಡರು. 2006ರಲ್ಲಿ ಜೊನಾಥನ್ ಕ್ಲಾವನ್ಸ್, ಪ್ರವಾದಿಗಳ ಸಿಟ್ಟು ಬಲಿಯ ಮೇಲಲ್ಲ, ಬಡವರಿಂದ ಕಿತ್ತದ್ದನ್ನು ದೇವರಿಗೆ ಒಪ್ಪಿಸುವವರ ಮೇಲೆ ಎಂದರು.

ನಮ್ಮ ಸೀಮೆಗೆ ಎಲ್ಲಕ್ಕಿಂತ ಹತ್ತಿರವಾದದ್ದು ಗೆರ್ಡ್ ಥೈಸನ್ 1975ರಲ್ಲಿ ಕೊರಿಂಥದ ಬಗ್ಗೆ ಬರೆದದ್ದು. ಅಲ್ಲಿನವರಿಗೆ ಬರೆದ ಮೊದಲ ಪತ್ರಿಕೆಯ 8ನೆಯ ಅಧ್ಯಾಯದಲ್ಲಿ ಪೌಲ, ವಿಗ್ರಹಕ್ಕೆ ಎಡೆಯಿಟ್ಟದ್ದನ್ನು ತಿಂದರೆ ಕೇಡಿಲ್ಲ, ಆದರೆ ಅದರಿಂದ ಸಹೋದರ ಎಡವುವುದಾದರೆ ನಾನು ಮಾಂಸವನ್ನೇ ಮುಟ್ಟೆ ಎನ್ನುತ್ತಾನೆ. 10ನೆಯದರಲ್ಲಿ ಕರ್ತನ ಪಂಕ್ತಿ, ದೆವ್ವಗಳ ಪಂಕ್ತಿ ಎರಡರಲ್ಲೂ ಕೂರಲಾಗದು ಎಂದು ಬಿಗಿಮಾಡುತ್ತಾನೆ. ಪ್ರಕಟನೆಯ ಎರಡನೆಯ ಅಧ್ಯಾಯವಂತೂ ಅಂಥ ಊಟವನ್ನು ಖಂಡಿಸುತ್ತದೆ. ಥೈಸನ್ ಕೇಳಿದ್ದು ಸಿದ್ಧಾಂತವನ್ನಲ್ಲ, ಉಣ್ಣುತ್ತಿದ್ದವರು ಯಾರು ಎಂದು. ಉಳ್ಳವರಿಗೆ ಮಾಂಸ ನಿತ್ಯದ ಊಟ. ಇಲ್ಲದವರಿಗೆ ಅದು ಸಿಗುತ್ತಿದ್ದುದೇ ದೇವರ ಹಬ್ಬದಲ್ಲಿ, ಹಾಗಾಗಿ ಮಾಂಸ ಕಂಡರೆ ಅವರಿಗೆ ಆ ದೇವರೇ ನೆನಪು. ಊರದೇವತೆಯ ಜಾತ್ರೆಯ ಊಟವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬೈಲಹೊಂಗಲ ತಾಲೂಕಿನ ದೇಶನೂರಿನಲ್ಲಿ ಜೆಸ್ವಿಟ್ ಪಾದ್ರಿ ಸ್ವಾಮಿ ಅನಿಮಾನಂದರು ಕಾವಿ ಉಟ್ಟು, ಮಾಂಸ ಬಿಟ್ಟು, ವಿರಕ್ತಮಠದಲ್ಲಿ ನೆಲೆಸಿದರು. ಕೊರಿಂಥದವರಿಗೆ ಪೌಲ ಬರೆದ 8ನೆಯ ಅಧ್ಯಾಯದ ಕೊನೆಯ ಮಾತನ್ನು ಲಿಂಗಾಯತರ ನಡುವೆ ಬದುಕಿ ತೋರಿಸಿದ ಆ ತ್ಯಾಗಕ್ಕೆ ನಾನು ತಲೆಬಾಗುತ್ತೇನೆ. ಆದರೆ ಅದೇ ಮಾತನ್ನು ಕುರಿಮಾಂಸ ತಿನ್ನುವ ಬಡ ಮನೆಯವರನ್ನು ಕೀಳೆನ್ನಲು ಬಳಸಿದರೆ ಪೌಲ ಒಪ್ಪುವುದಿಲ್ಲ. ರೋಮಾಪುರದವರಿಗೆ ಬರೆದ ಪತ್ರಿಕೆಯ 14ನೆಯ ಅಧ್ಯಾಯದಲ್ಲಿ ಅವನು ತಿನ್ನುವವನಿಗೂ ತಿನ್ನದವನಿಗೂ ಸರಿಸಮನಾಗಿ ತಾಕೀತು ಮಾಡಿದ್ದಾನೆ.